ಆಚೆ ತುದಿಗೂ ಕೇಳಬೇಕು: ಯಂತ್ರ ಬರೆಯುವ ಭಾಷೆಯ ಕುರಿತು ಮಂಗಳೂರಿನಲ್ಲಿ ಹೈಬ್ರಿಡ್ ಸಮ್ಮೇಳನ ನಡೆಸುವ ಬಗೆ

ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಹಾಡಿ ಮುಗಿಸಿದ ಕೂಡಲೇ ಅರ್ಥಧಾರಿಗಳು ಮಾತಿಗೆ ತೊಡಗುತ್ತಾರೆ. ಅವರ ಕೈಯಲ್ಲಿ ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಇರುವುದು ಕೆಲವೇ ಸಾಲಿನ ಪದ್ಯ, ಪ್ರಸಂಗದ ನಡೆ, ಎದುರಿಗೆ ಕುಳಿತವರು ಈಗಷ್ಟೇ ಆಡಿದ ಮಾತು ಮತ್ತು ಇಷ್ಟು ವರ್ಷಗಳ ಓದು. ಇಷ್ಟರಿಂದಲೇ ಅವರು ಹತ್ತು ನಿಮಿಷ ತಡವರಿಸದೆ ಮಾತನಾಡಬಲ್ಲರು. ಆದರೆ ಪದ್ಯವನ್ನು ಮೀರುವ ಸ್ವಾತಂತ್ರ್ಯ ಅವರಿಗಿಲ್ಲ. ಭೀಷ್ಮನ ಅರ್ಥ ಹೇಳುವವರು ಮಾತಿನ ಓಘದಲ್ಲಿ ತಮಗೊಬ್ಬ ಮಗನಿದ್ದಾನೆ ಎಂದುಬಿಟ್ಟರೆ, ಆ ವಾಕ್ಯ ಎಷ್ಟೇ ಸೊಗಸಾಗಿದ್ದರೂ ಎದುರಿನವರು ಅಲ್ಲೇ ಹಿಡಿಯುತ್ತಾರೆ. ಕೊನೆಯ ಸಾಲಿನಲ್ಲಿ ಕಣ್ಣು ಮುಚ್ಚಿ ಕುಳಿತ ಅಜ್ಜನೂ ಹಿಡಿಯುತ್ತಾನೆ. ಕೊಟ್ಟ ವಿಷಯದಿಂದ ಹೊಸ ವಾಕ್ಯಗಳನ್ನು ಕಟ್ಟುವುದು, ಆ ವಾಕ್ಯಗಳು ಕೊಟ್ಟ ವಿಷಯಕ್ಕೆ ನಿಷ್ಠವಾಗಿರುವಂತೆ ನೋಡಿಕೊಳ್ಳುವುದು, ತಪ್ಪಿದಾಗ ಹಿಡಿಯಲು ಬಲ್ಲವರೊಬ್ಬರು ಎದುರಿಗಿರುವುದು: ಕಂಪ್ಯೂಟರಿನಿಂದ ಭಾಷೆಯನ್ನು ಹುಟ್ಟಿಸುವ ಶಾಸ್ತ್ರದ ಮುಖ್ಯ ಪ್ರಶ್ನೆಗಳೆಲ್ಲ ಈ ಒಂದು ದೃಶ್ಯದೊಳಗಿವೆ.

ಈ ಶಾಸ್ತ್ರದ ಕುರಿತು ಮಂಗಳೂರಿನಲ್ಲೋ ಉಡುಪಿಯಲ್ಲೋ ಒಂದು ಸಮ್ಮೇಳನ ನಡೆಸಬೇಕು, ಕೆಲವರು ಸಭಾಂಗಣದಲ್ಲೂ ಉಳಿದವರು ಪರದೆಯ ಆಚೆಯೂ ಇರಬೇಕು ಎಂದಾದಾಗ ಏನೇನು ಯೋಚಿಸಬೇಕಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ವಿಷಯವನ್ನೂ ವ್ಯವಸ್ಥೆಯನ್ನೂ ಒಟ್ಟಿಗೆ ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಯಂತ್ರ ಬರೆದ ವಾಕ್ಯ ಓದಲು ಸರಾಗವಾಗಿದ್ದೂ ಸುಳ್ಳಾಗಿರಬಹುದು. ಹೈಬ್ರಿಡ್ ಸಭೆ ಸಭಾಂಗಣದಲ್ಲಿ ಕುಳಿತವರಿಗೆ ಸಾಂಗವಾಗಿ ನಡೆಯುತ್ತಿರುವಂತೆ ಕಂಡೂ ದೂರದವರಿಗೆ ಒಂದಕ್ಷರ ಕೇಳಿಸದಿರಬಹುದು. ಎರಡರಲ್ಲೂ ತಪ್ಪು ಗೊತ್ತಾಗುವುದು ಆಚೆ ತುದಿಯಲ್ಲಿರುವವರಿಗೆ ಮಾತ್ರ. ಆ ತುದಿಯಲ್ಲಿ ಯಾರನ್ನು ಕೂರಿಸಬೇಕು, ಅವರ ಮಾತು ಇತ್ತ ಹೇಗೆ ತಲುಪಬೇಕು ಎಂಬುದನ್ನು ಮೊದಲು ತೀರ್ಮಾನಿಸಿದರೆ ಉಳಿದ ತೀರ್ಮಾನಗಳು ತಾವಾಗಿ ಬರುತ್ತವೆ.

ಕಂಪ್ಯೂಟರಿನಿಂದ ಬರೆಸುವ ಹಂಬಲ ಹೊಸದಲ್ಲ. 1952ರಲ್ಲಿಯೇ ಬ್ರಿಟನ್ನಿನ ಗಣಕ ವಿಜ್ಞಾನಿ ಕ್ರಿಸ್ಟಫರ್ ಸ್ಟ್ರೇಚಿ ಮ್ಯಾಂಚೆಸ್ಟರಿನ ಯಂತ್ರವೊಂದರಿಂದ ಪ್ರೇಮಪತ್ರಗಳನ್ನು ಬರೆಸಿದ್ದರು. ವಾಕ್ಯದ ಚೌಕಟ್ಟು ಮೊದಲೇ ಸಿದ್ಧವಿತ್ತು, ಯಂತ್ರ ಪಟ್ಟಿಯಿಂದ ಸಿಕ್ಕ ಸಿಕ್ಕ ಪದಗಳನ್ನು ಆರಿಸಿ ಅದರೊಳಗೆ ತುಂಬುತ್ತಿತ್ತು. 1990ರ ದಶಕದಲ್ಲಿ ಕೆನಡಾದಲ್ಲಿ ಹವಾಮಾನದ ಅಂಕಿಗಳನ್ನು ಓದಿ ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ಮುನ್ಸೂಚನೆ ಬರೆಯುವ ವ್ಯವಸ್ಥೆ ಬಳಕೆಗೆ ಬಂತು. ಅಂಥ ವ್ಯವಸ್ಥೆಗಳಲ್ಲಿ ಕೆಲಸವನ್ನು ಹಂತಗಳಾಗಿ ಒಡೆದಿರುತ್ತಾರೆ: ಇಷ್ಟೊಂದು ಅಂಕಿಗಳಲ್ಲಿ ಹೇಳತಕ್ಕದ್ದು ಯಾವುದು, ಅದನ್ನು ಯಾವ ಕ್ರಮದಲ್ಲಿ ಹೇಳಬೇಕು, ಕೊನೆಗೆ ಯಾವ ಮಾತಿನಲ್ಲಿ ಹೇಳಬೇಕು. 2017ರಲ್ಲಿ ಟ್ರಾನ್ಸ್‌ಫಾರ್ಮರ್ ಎಂಬ ನರಜಾಲದ (ಉದಾಹರಣೆಗಳಿಂದ ಕಲಿಯುವ ಲೆಕ್ಕದ ಜಾಲದ) ವಿನ್ಯಾಸ ಪ್ರಕಟವಾದ ಮೇಲೆ ಹಂತಗಳನ್ನು ಬಿಟ್ಟು ಅಪಾರ ಪಠ್ಯದಿಂದ ಎಲ್ಲವನ್ನೂ ಒಟ್ಟಿಗೆ ಕಲಿಯುವ ಭಾಷಾ ಮಾದರಿಗಳು ಬಂದವು, ಮತ್ತು 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಹೊರಬಂದದ್ದೇ ಈ ವಿಷಯ ಪ್ರಯೋಗಾಲಯದಿಂದ ಮನೆಮಾತಾಯಿತು.

ಚೌಕಟ್ಟು ತುಂಬುವ ಹಳೆಯ ವಿಧಾನ ಇಂದಿಗೂ ಬಳಕೆಯಲ್ಲಿದೆ, ಆದರೆ ಕನ್ನಡದಲ್ಲಿ ಅದು ಬೇಗ ಮುಗ್ಗರಿಸುತ್ತದೆ. ಮಳೆಯ ಅಂಕಿಯನ್ನು ವಾಕ್ಯವಾಗಿಸಲು ಊರಿನ ಹೆಸರಿಗೆಂದು ಖಾಲಿ ಜಾಗ ಬಿಟ್ಟು, ಅದರ ಮುಂದೆ 'ದಲ್ಲಿ 60 ಮಿ.ಮೀ. ಮಳೆಯಾಗಿದೆ' ಎಂದು ಬರೆದಿಟ್ಟುಕೊಂಡೆವು ಎನ್ನಿ. ಕಾರ್ಕಳದಲ್ಲಿ, ಕುಂದಾಪುರದಲ್ಲಿ, ಸುಳ್ಯದಲ್ಲಿ ಎಂದು ಮೂರು ಊರುಗಳವರೆಗೆ ತೊಂದರೆಯಿಲ್ಲ. ನಾಲ್ಕನೆಯದು ಉಡುಪಿಯಾದರೆ 'ಉಡುಪಿದಲ್ಲಿ' ಎಂದಾಗುತ್ತದೆ. ಇಕಾರ, ಎಕಾರಗಳ ಮುಂದೆ ಯಕಾರ ಬರಲಿ ಎಂದು ನಿಯಮ ಸೇರಿಸಿದರೆ ಉಡುಪಿಯಲ್ಲಿ, ಬೆಳ್ತಂಗಡಿಯಲ್ಲಿ, ಮೂಡುಬಿದಿರೆಯಲ್ಲಿ ಸರಿಹೋಗುತ್ತವೆ. ಉಕಾರಕ್ಕೆ 'ಇನಲ್ಲಿ' ಎಂದರೆ ಪುತ್ತೂರಿನಲ್ಲಿ, ಬೈಂದೂರಿನಲ್ಲಿ ಎಂದು ನೆಟ್ಟಗೆ ಬರುತ್ತದೆ. ಅಷ್ಟರಲ್ಲಿ ಕಾಪು ಎದುರಾಗುತ್ತದೆ. ಯಂತ್ರ ನಿಯಮದಂತೆ 'ಕಾಪಿನಲ್ಲಿ' ಎಂದು ಬರೆಯುತ್ತದೆ, ನಾವೆಲ್ಲ ಬರೆಯುವುದು 'ಕಾಪುವಿನಲ್ಲಿ' ಎಂದು. ಒಂದೇ ವಿಭಕ್ತಿಗೆ ಇಷ್ಟು ಪಾಡು. ವಾಕ್ಯದಲ್ಲಿ ಕ್ರಿಯಾಪದವೂ ಇದೆ, ಅದಕ್ಕೆ ಲಿಂಗ, ವಚನ, ಕಾಲಗಳಿವೆ, ನಿಷೇಧರೂಪವಿದೆ.

ಇಂದಿನ ಭಾಷಾ ಮಾದರಿಗಳಿಗೆ ಯಾರೂ ಈ ನಿಯಮಗಳನ್ನು ಹೇಳಿಕೊಡುವುದಿಲ್ಲ. ಈವರೆಗೆ ಬಂದ ತುಣುಕುಗಳನ್ನು ನೋಡಿ ಮುಂದಿನ ತುಣುಕು ಯಾವುದಿರಬಹುದು ಎಂದು ಊಹಿಸುವುದಷ್ಟೇ ಅವುಗಳ ಕೆಲಸ, ಮತ್ತು ಆ ತುಣುಕಿಗೆ ಟೋಕನ್ ಎಂದು ಹೆಸರು. ಟೋಕನ್‌ಗಳನ್ನು ಕತ್ತರಿಸುವ ಕತ್ತರಿ ಹೆಚ್ಚಾಗಿ ಇಂಗ್ಲಿಷ್ ಪಠ್ಯವನ್ನೇ ನೋಡಿ ಹದವಾಗಿರುವುದರಿಂದ ಕನ್ನಡದ ಪದಗಳು ಅದರ ಬಾಯಿಗೆ ಸಿಕ್ಕಾಗ ಪುಡಿಪುಡಿಯಾಗುತ್ತವೆ. ಕಾರಣದ ಒಂದು ಪಾಲು ಲಿಪಿಯ ಸಂಕೇತ ವ್ಯವಸ್ಥೆಯಲ್ಲಿದೆ. ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಕಣ್ಣಿಗೆ ನಾಲ್ಕೇ ಅಕ್ಷರವಾಗಿ ಕಾಣುವ 'ಮಂಗಳೂರು' ಎಂಬುದು ಒಳಗೆ ಮ, ಅನುಸ್ವಾರ, ಗ, ಳ, ಊಕಾರದ ಗುರುತು, ರ, ಉಕಾರದ ಗುರುತು ಎಂಬ 7 ಸಂಕೇತಗಳು, ಅಂದರೆ 21 ಬೈಟ್. ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 9 ಅಕ್ಷರ, 9 ಬೈಟ್. ತುಣುಕುಗಳು ಹೆಚ್ಚಾದಷ್ಟೂ ಖರ್ಚು ಹೆಚ್ಚು, ಮಾದರಿ ಒಂದು ಸಲಕ್ಕೆ ನೆನಪಿನಲ್ಲಿ ಹಿಡಿಯಬಲ್ಲ ಪಠ್ಯ ಕಡಿಮೆ. ಸಮ್ಮೇಳನಕ್ಕೆ ಬರುವ ಪ್ರಬಂಧಗಳಲ್ಲಿ ಒಂದಷ್ಟು ಖಂಡಿತವಾಗಿಯೂ ಈ ಕತ್ತರಿಯ ಕುರಿತೇ ಇರುತ್ತವೆ, ಇರಲೂಬೇಕು.

ಇದಕ್ಕಿಂತ ತೊಡಕಿನದು ಮೌಲ್ಯಮಾಪನ. ಯಂತ್ರ ಬರೆದದ್ದು ಚೆನ್ನಾಗಿದೆಯೇ ಎಂದು ಪ್ರತಿ ಸಲವೂ ಮನುಷ್ಯರನ್ನು ಕೇಳುವುದು ದುಬಾರಿಯಾದ್ದರಿಂದ, ಮನುಷ್ಯ ಬರೆದ ಮಾದರಿ ವಾಕ್ಯದೊಂದಿಗೆ ಹೋಲಿಸಿ ಅಂಕ ಕೊಡುವ ಸೂತ್ರಗಳನ್ನು ಕಂಡುಕೊಂಡಿದ್ದಾರೆ. 2002ರಲ್ಲಿ ಬಂದ ಬ್ಲೂ ಎಂಬ ಅಳತೆ ಇವುಗಳಲ್ಲಿ ಹೆಚ್ಚು ಪ್ರಸಿದ್ಧ. ಅದು ನೋಡುವುದು ಪದಗಳೂ ಪದಗಳ ಸಾಲೂ ಎಷ್ಟು ತಾಳೆಯಾಗುತ್ತವೆ ಎಂಬುದನ್ನು. ಮಾದರಿ ವಾಕ್ಯ 'ಮಂಗಳೂರಿನಲ್ಲಿ ಭಾರೀ ಮಳೆಯಾಗಿದೆ' ಎಂದಿರಲಿ. ಒಂದು ಯಂತ್ರ 'ಮಂಗಳೂರಲ್ಲಿ ಭಾರೀ ಮಳೆ ಸುರಿದಿದೆ' ಎಂದು ಬರೆಯುತ್ತದೆ. ಇನ್ನೊಂದು 'ಮಂಗಳೂರಿನಲ್ಲಿ ಭಾರೀ ಬಿಸಿಲಿದೆ' ಎಂದು ಬರೆಯುತ್ತದೆ. ಮೊದಲನೆಯದರಲ್ಲಿ ಇಡಿಯಾಗಿ ತಾಳೆಯಾಗುವ ಪದ 'ಭಾರೀ' ಒಂದೇ. ಎರಡನೆಯದರಲ್ಲಿ ಮೂರರಲ್ಲಿ ಎರಡು ಪದ ತಾಳೆಯಾಗುತ್ತವೆ, ಅದೂ ಅಕ್ಕಪಕ್ಕದಲ್ಲಿ. ಪದ ಎಣಿಸುವ ಅಳತೆಗೆ ಸುಳ್ಳು ಹೇಳಿದ ಯಂತ್ರವೇ ಮೇಲು! ಪ್ರತ್ಯಯಗಳು ಪದಕ್ಕೆ ಅಂಟಿಕೊಂಡೇ ಬರುವ ನಮ್ಮಂಥ ಭಾಷೆಗಳಿಗೆ ಇಂಥ ಅಳತೆ ಒಗ್ಗುವುದಿಲ್ಲ ಎಂದು ಅಕ್ಷರಗುಚ್ಛಗಳನ್ನು ಹೋಲಿಸುವ ಅಳತೆ 2015ರಲ್ಲಿ ಬಂತು. ಅದು ಮೊದಲ ವಾಕ್ಯಕ್ಕೆ ಅಷ್ಟು ಅನ್ಯಾಯ ಮಾಡುವುದಿಲ್ಲ, ನಿಜ. ಆದರೆ ಮಳೆ ಬಂದಿತ್ತೋ ಬಿಸಿಲಿತ್ತೋ ಎಂಬುದು ಅದಕ್ಕೂ ಗೊತ್ತಿಲ್ಲ. ಅದನ್ನು ಹೇಳಲು ಭಾಷೆಯನ್ನೂ ಅಂಕಿಯನ್ನೂ ಒಟ್ಟಿಗೆ ನೋಡುವ ಮನುಷ್ಯರೇ ಬೇಕು.

ಅಂಥ ಮನುಷ್ಯರು ಇಲ್ಲಿದ್ದಾರೆ ಎಂಬುದೇ ಸಮ್ಮೇಳನವನ್ನು ಕರಾವಳಿಗೆ ತರುವುದಕ್ಕೆ ನನ್ನ ದೃಷ್ಟಿಯಲ್ಲಿ ಮುಖ್ಯ ಕಾರಣ. ಬಜಪೆಯ ವಿಮಾನ ನಿಲ್ದಾಣ, ಸುರತ್ಕಲ್, ಕೊಣಾಜೆ, ಮಣಿಪಾಲದ ವಿದ್ಯಾಸಂಸ್ಥೆಗಳು ಎಲ್ಲ ಆಮೇಲಿನವು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರ 1843ರಲ್ಲಿ ಹೊರಟದ್ದು ಈ ಊರಿನಿಂದ. ಬಾಸೆಲ್ ಮಿಶನ್ನಿನವರು ಮ್ಯಾನರ್ ಅವರ ತುಳು ನಿಘಂಟನ್ನು 1886ರಲ್ಲಿ, ಕಿಟ್ಟೆಲ್ ಅವರ ಕನ್ನಡ ನಿಘಂಟನ್ನು 1894ರಲ್ಲಿ ಅಚ್ಚು ಹಾಕಿದ್ದು ಇಲ್ಲಿ. ನೂರು ವರ್ಷಗಳ ತರುವಾಯ ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ತುಳು ನಿಘಂಟನ್ನು ಆರು ಸಂಪುಟಗಳಲ್ಲಿ ಹೊರತಂದಿತು. ಆದರೂ ತುಳು ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಇಲ್ಲದ ಕಾರಣ, ಅನುಸೂಚಿಯ 22 ಭಾಷೆಗಳಿಗೆಂದು ನಡೆಯುವ ಅನುವಾದ ಯೋಜನೆಗಳು ಅದನ್ನು ದಾಟಿಕೊಂಡು ಹೋಗುತ್ತವೆ. 1992ರಲ್ಲಿ ಸೇರಿದ ಕೊಂಕಣಿಗೆ ಆ ತೊಂದರೆಯಿಲ್ಲ. ತುಳು-ತಿಗಳಾರಿ ಲಿಪಿಗೆ, ಕಂಪ್ಯೂಟರಿನಲ್ಲಿ ಲಿಪಿಗಳಿಗೆ ಸಂಕೇತ ಗೊತ್ತುಮಾಡುವ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ, ಗೂಗಲ್ ಅನುವಾದಕ್ಕೆ ತುಳು ಸೇರಿದ್ದೂ ಅದೇ ವರ್ಷ. ಈಗ ಯಂತ್ರ ತುಳುವಿನಲ್ಲಿ ಬರೆಯತೊಡಗಿದೆ. ಅದು ಬರೆದದ್ದು ತುಳುವೇ ಅಥವಾ ತುಳು ಪ್ರತ್ಯಯ ಹಚ್ಚಿದ ಕನ್ನಡವೇ ಎಂದು ಹೇಳಬಲ್ಲವರು ಬಂಟ್ವಾಳ, ಕಾರ್ಕಳದಲ್ಲಿದ್ದಾರೆ, ಮುಂಬಯಿಯಲ್ಲಿದ್ದಾರೆ, ದುಬೈಯಲ್ಲಿದ್ದಾರೆ. ಮೂರು ದಿನ ರಜೆ ಹಾಕಿ, ಶುಲ್ಕ ಕಟ್ಟಿ ಅವರೆಲ್ಲ ಸಭಾಂಗಣಕ್ಕೆ ಬರಲಾರರು. ಹೈಬ್ರಿಡ್ ವ್ಯವಸ್ಥೆ ಅಗತ್ಯವಾಗುವುದು ಇವರಿಗಾಗಿ.

ಸಾಂಕ್ರಾಮಿಕದ ಕಾಲದಲ್ಲಿ ಈ ಕ್ಷೇತ್ರದ ದೊಡ್ಡ ಸಮ್ಮೇಳನಗಳೆಲ್ಲ ಮೊದಲು ಪೂರ್ತಿ ಆನ್‌ಲೈನ್ ಆದವು, ಆಮೇಲೆ ಹೈಬ್ರಿಡ್ ಆದವು. ಗಣಕ ಭಾಷಾವಿಜ್ಞಾನದ ಅಂತರರಾಷ್ಟ್ರೀಯ ಸಂಘವಾದ ಎಸಿಎಲ್ 2020ರಲ್ಲಿ ಸಿಯಾಟಲ್‌ನಲ್ಲಿ ನಡೆಸಬೇಕಿದ್ದ ಸಮ್ಮೇಳನವನ್ನು ಆನ್‌ಲೈನಿಗೆ ಬದಲಿಸಿತು, 2022ರಲ್ಲಿ ಡಬ್ಲಿನ್‌ನಲ್ಲಿ ಎರಡೂ ಬಗೆಯಲ್ಲಿ ನಡೆಸಿತು. ಭಾಷಾ ಉತ್ಪಾದನೆಗೇ ಮೀಸಲಾದ ಐಎನ್‌ಎಲ್‌ಜಿ ಸಮ್ಮೇಳನವೂ ಇದೇ ದಾರಿ ಹಿಡಿಯಿತು. ಈ ಅನುಭವದಿಂದ ಸಂಘಟಕರು ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳಬಹುದು: ಹೈಬ್ರಿಡ್ ಸಮ್ಮೇಳನ ಎಂದರೆ ಕ್ಯಾಮೆರಾ ಇಟ್ಟ ಸಮ್ಮೇಳನವಲ್ಲ, ಒಟ್ಟಿಗೆ ನಡೆಯುವ ಎರಡು ಸಮ್ಮೇಳನ. ಎರಡಕ್ಕೂ ಬೇರೆ ಬೇರೆ ನಿರೂಪಕರು ಬೇಕು, ಬೇರೆ ಬೇರೆ ಸ್ವಯಂಸೇವಕರು ಬೇಕು, ಖರ್ಚಿನ ಪಟ್ಟಿಯಲ್ಲಿ ಎರಡು ಕಾಲಂ ಬೇಕು.

ಕೆಲವು ವರ್ಷಗಳ ಹಿಂದೆ ಇಲ್ಲಿಯ ಒಂದು ಕಾಲೇಜಿನ ವಿಚಾರಸಂಕಿರಣದಲ್ಲಿ ತಾಂತ್ರಿಕ ಹೊಣೆ ನನ್ನದಾಗಿತ್ತು. ಹೊರದೇಶದಿಂದ ಮಾತನಾಡುತ್ತಿದ್ದ ಒಬ್ಬ ವಿದ್ವಾಂಸರು ಒಂದೊಂದು ವಾಕ್ಯಕ್ಕೂ ನಿಲ್ಲುತ್ತಿದ್ದರು. ಎಷ್ಟು ತೂಗಿ ಮಾತನಾಡುತ್ತಾರಪ್ಪ ಎಂದು ನಾವೆಲ್ಲ ತಲೆದೂಗಿದೆವು. ನಿಜಸಂಗತಿ ಏನೆಂದರೆ, ಅವರು ಆಡಿದ ಪ್ರತಿ ಮಾತೂ ಕ್ಷಣ ಬಿಟ್ಟು ಅವರ ಕಿವಿಗೇ ವಾಪಸು ಬರುತ್ತಿತ್ತು. ಆ ಪ್ರತಿಧ್ವನಿ ಮುಗಿಯಲೆಂದು ಅವರು ಕಾಯುತ್ತಿದ್ದರು. ಚಾಟ್‌ನಲ್ಲಿ ಮೂರು ಸಲ ಬರೆದೂ ಇದ್ದರು. ಚಾಟ್ ನೋಡಬೇಕಾಗಿದ್ದ ಹುಡುಗ ಆ ಹೊತ್ತಿಗೆ ಊಟದ ಕೂಪನ್ ಹಂಚಲು ಹೋಗಿದ್ದ, ಅವನನ್ನು ಕಳುಹಿಸಿದವನು ನಾನೇ.

ಈ ತೊಂದರೆಯ ಮೂಲ ಮಿಕ್ಸರಿನಲ್ಲಿದೆ. ಸಭಾಂಗಣದ ಎಲ್ಲ ಮೈಕುಗಳೂ ಮಿಕ್ಸರಿಗೆ ಬರುತ್ತವೆ, ಲ್ಯಾಪ್‌ಟಾಪಿನಿಂದ ದೂರದವರ ದನಿಯೂ ಅಲ್ಲಿಗೇ ಬರುತ್ತದೆ, ಎಲ್ಲವೂ ಕೂಡಿ ಸ್ಪೀಕರಿಗೆ ಹೋಗುತ್ತದೆ. ಸ್ಪೀಕರಿಗೆ ಹೋಗುವ ಆ ಮಿಶ್ರಣವನ್ನೇ ಲ್ಯಾಪ್‌ಟಾಪಿಗೂ ಕಳುಹಿಸಿದರೆ ದೂರದವರ ದನಿ ಅವರಿಗೇ ಮರಳುತ್ತದೆ. ಆದ್ದರಿಂದ ಎರಡು ಮಿಶ್ರಣಗಳು ಬೇಕು: ಸಭಾಂಗಣಕ್ಕೆ ಎಲ್ಲ ದನಿಗಳೂ ಇರುವ ಒಂದು, ಲ್ಯಾಪ್‌ಟಾಪಿಗೆ ದೂರದವರ ದನಿಯೊಂದನ್ನು ಕಳೆದು ಉಳಿದೆಲ್ಲ ಇರುವ ಇನ್ನೊಂದು. ಮಿಕ್ಸರಿನಲ್ಲಿ ಆಕ್ಸ್ ಎಂದು ಕರೆಯುವ ಪ್ರತ್ಯೇಕ ದಾರಿ ಇರುವುದು ಇಂಥ ಕೆಲಸಕ್ಕಾಗಿಯೇ. ಮದುವೆ, ಕೋಲ, ನೇಮಗಳಿಗೆ ಧ್ವನಿವರ್ಧಕ ಹಾಕುವ ನಮ್ಮ ಸೌಂಡ್ಸ್‌ನವರಿಗೆ ಆಕ್ಸ್ ಚೆನ್ನಾಗಿ ಗೊತ್ತು, ಯಕ್ಷಗಾನದ ರಂಗಸ್ಥಳದಲ್ಲಿ ಭಾಗವತರ ಮಾನಿಟರಿಗೆ ಅವರು ಬಳಸುವುದೂ ಅದನ್ನೇ. ಅವರಿಗೆ 'ಹೈಬ್ರಿಡ್' ಎಂದು ಹೇಳುವ ಬದಲು 'ಲ್ಯಾಪ್‌ಟಾಪಿನ ದನಿ ಲ್ಯಾಪ್‌ಟಾಪಿಗೆ ಹೋಗಬಾರದು' ಎಂದರೆ ಅರ್ಧ ನಿಮಿಷದಲ್ಲಿ ಕೆಲಸವಾಗುತ್ತದೆ. ಇದರ ಜೊತೆಗೆ, ಸಭಾಂಗಣದಲ್ಲಿ ಕುಳಿತು ಅದೇ ಮೀಟಿಂಗಿಗೆ ಸೇರುವ ಉತ್ಸಾಹಿಗಳು ತಮ್ಮ ಲ್ಯಾಪ್‌ಟಾಪಿನ ಮೈಕನ್ನೂ ಸ್ಪೀಕರನ್ನೂ ಮುಚ್ಚಿರಬೇಕು. ಒಬ್ಬರು ಮರೆತರೂ ಇಡೀ ಸಭೆ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ.

ಇನ್ನೊಂದು ಶತ್ರು ಸಜ್ಜನಿಕೆಯ ವೇಷದಲ್ಲಿ ಬರುತ್ತದೆ. ಪ್ರಶ್ನೆ ಕೇಳಲು ಎದ್ದುನಿಂತ ಹಿರಿಯರು ಮೈಕನ್ನು ಕೈಯಿಂದ ಸರಿಸಿ, ನನಗೆ ಮೈಕ್ ಬೇಡ, ನನ್ನ ದನಿ ಕೇಳುತ್ತದೆ ಎನ್ನುತ್ತಾರೆ. ಸಭಾಂಗಣದ ಮಟ್ಟಿಗೆ ಅದು ನಿಜ. ಮುಂಬಯಿಯಲ್ಲಿ ಕುಳಿತವರಿಗೆ ಎರಡು ನಿಮಿಷದ ಮೌನ, ಆಮೇಲೆ ಯಾವುದೋ ಗೊತ್ತಿಲ್ಲದ ಪ್ರಶ್ನೆಗೆ ಉತ್ತರ. ಮೈಕಿನಲ್ಲಿ ಕೇಳದ ಪ್ರಶ್ನೆಗೆ ಉತ್ತರವಿಲ್ಲ ಎಂಬ ನಿಯಮವನ್ನು ಗೋಷ್ಠಿಯ ಅಧ್ಯಕ್ಷರು ಮೊದಲೇ ಸಾರಿ, ಅಳುಕದೆ ಪಾಲಿಸಬೇಕು. ಒಂದು ಪ್ರಶ್ನೆ ಸಭಾಂಗಣದಿಂದ, ಮುಂದಿನದು ದೂರದಿಂದ ಎಂಬ ಸರದಿ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಎದುರಿಗೆ ಎತ್ತಿದ ಕೈ ಯಾವಾಗಲೂ ಪರದೆಯ ಮೇಲಿನ ಕೈಗಿಂತ ದೊಡ್ಡದಾಗಿ ಕಾಣುತ್ತದೆ.

ಇಂಟರ್ನೆಟ್ಟಿನ ವಿಷಯದಲ್ಲಿ ಜನ ಡೌನ್‌ಲೋಡ್ ವೇಗವನ್ನು ಕೇಳುತ್ತಾರೆ. ಇಲ್ಲಿ ಬೇಕಾದದ್ದು ಅಪ್‌ಲೋಡ್. ಒಳ್ಳೆಯ ಸ್ಪಷ್ಟತೆಯ ಒಂದು ವಿಡಿಯೋ ಹೊಳೆಗೆ ಸೆಕೆಂಡಿಗೆ ಸುಮಾರು 4 ಮೆಗಾಬಿಟ್ ಸಾಕು, ಆದರೆ ಅದು ಕಡಿಯದೆ ಹರಿಯಬೇಕು. ಹಾಗಾಗಿ ಪ್ರಸಾರದ ಕಂಪ್ಯೂಟರ್ ತಂತಿಯಲ್ಲಿರಬೇಕು, ಪ್ರತಿನಿಧಿಗಳು ಬಳಸುವ ವೈ-ಫೈ ಬೇರೆಯೇ ಇರಬೇಕು. ಎರಡು ಕಂಪನಿಗಳ ಸಂಪರ್ಕ ತೆಗೆದುಕೊಂಡಿದ್ದೇವೆ ಎಂದು ನಿಶ್ಚಿಂತರಾಗುವವರು ಒಮ್ಮೆ ಹೊರಗೆ ಹೋಗಿ ಕೇಬಲ್ ಬರುವ ದಾರಿಯನ್ನು ಕಣ್ಣಾರೆ ನೋಡಬೇಕು. ಎರಡೂ ಒಂದೇ ಕಂಬಗಳ ಮೇಲೆ ಬಂದಿದ್ದರೆ ಒಂದು ತೆಂಗಿನ ಮಡಲು ಬಿದ್ದರೆ ಎರಡೂ ಹೋಗುತ್ತವೆ. ಜನರೇಟರ್ ಇದ್ದರೂ ಅದು ಹೊತ್ತಿಕೊಳ್ಳುವವರೆಗಿನ ಕೆಲವು ಕ್ಷಣಗಳಿಗೆ ಮಿಕ್ಸರ್, ರೌಟರ್, ಪ್ರಸಾರದ ಕಂಪ್ಯೂಟರ್ ಮೂರೂ ಯುಪಿಎಸ್ ಮೇಲಿರಬೇಕು. ರೌಟರನ್ನು ಮರೆಯುವವರೇ ಹೆಚ್ಚು.

ದಿನಾಂಕ ಗೊತ್ತುಮಾಡುವಾಗ ಕರಾವಳಿಯ ಪಂಚಾಂಗವನ್ನು ತೆರೆಯಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಬೆಂಗಳೂರಿನಿಂದ ಹೊರಟವರು ಸಕಲೇಶಪುರದಲ್ಲೇ ಉಳಿಯುತ್ತಾರೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಸಂಜೆಯ ಸಿಡಿಲು ಬೇರೆ. ಉಳಿದದ್ದು ನವೆಂಬರ್‌ನಿಂದ ಫೆಬ್ರುವರಿ. ಅದರಲ್ಲೂ ಸಮ ಸಂಖ್ಯೆಯ ವರ್ಷಗಳಲ್ಲಿ ಜನವರಿ 18ರಂದು ಉಡುಪಿಯಲ್ಲಿ ಪರ್ಯಾಯ ನಡೆಯುವುದರಿಂದ ಅದರ ಹಿಂದುಮುಂದಿನ ದಿನಗಳಲ್ಲಿ ಕೊಠಡಿಯ ಆಸೆಯನ್ನು ಬಿಡಬೇಕು. ಡಿಸೆಂಬರಿನಲ್ಲಿ ಭಾರತದ ಭಾಷಾ ಸಂಸ್ಕರಣೆಯ ವಾರ್ಷಿಕ ಸಮ್ಮೇಳನವಾದ ಐಕಾನ್ ಇರುತ್ತದೆ, ಅದರೊಂದಿಗೆ ಘರ್ಷಿಸಬಾರದು. ಫೆಬ್ರುವರಿಯ ಮೊದಲ ವಾರಗಳು ನನಗೆ ಹಿತವೆನಿಸುತ್ತವೆ.

ಹೊತ್ತಿನ ಲೆಕ್ಕವೂ ಸೂಕ್ಷ್ಮವಾದದ್ದು. ನಮ್ಮ ಬೆಳಗಿನ 9.30 ಟೋಕಿಯೋದಲ್ಲಿ ಮಧ್ಯಾಹ್ನ 1 ಗಂಟೆ. ಚಳಿಗಾಲದಲ್ಲಿ ನಮ್ಮ ಸಂಜೆ 5.30 ಲಂಡನ್ನಿನ ನಡುಹಗಲು, ನ್ಯೂಯಾರ್ಕಿನ ಬೆಳಗಿನ 7. ಅಂದರೆ ಪೂರ್ವದವರ ಮಂಡನೆ ಬೆಳಿಗ್ಗೆ, ಯುರೋಪಿನವರದು ಮಧ್ಯಾಹ್ನದ ಮೇಲೆ, ಅಮೆರಿಕದವರದು ಸಂಜೆ ಎಂದು ಹಂಚಿದರೆ ಯಾರೂ ನಿದ್ದೆಗೆಡಬೇಕಾಗಿಲ್ಲ. ದುಬೈ ನಮಗಿಂತ ಒಂದೂವರೆ ಗಂಟೆ ಮಾತ್ರ ಹಿಂದಿರುವುದರಿಂದ ಅಲ್ಲಿಯವರಿಗೆ ಯಾವ ಹೊತ್ತೂ ಆದೀತು. ಯುರೋಪ್ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಹಿಂದಿಟ್ಟರೆ ಅಮೆರಿಕ ನವೆಂಬರಿನ ಮೊದಲ ಭಾನುವಾರ ಹಿಂದಿಡುತ್ತದೆ, ನಾವು ಇಡುವುದೇ ಇಲ್ಲ. ಆ ನಡುವಿನ ವಾರದಲ್ಲಿ ಯಾರ ಲೆಕ್ಕವೂ ಸರಿಯಾಗಿರುವುದಿಲ್ಲ. ಇಷ್ಟು ಲೆಕ್ಕ ಹಾಕಿದ ಮೇಲೆ ಉದ್ಘಾಟನೆಗೆ ಒಂದೂವರೆ ಗಂಟೆ ಹಿಡಿದು, ಶಾಲು, ಫಲ, ಸ್ಮರಣಿಕೆಗಳ ಸರದಿ ಮುಗಿಯುವಷ್ಟರಲ್ಲಿ ಮೊದಲ ಭಾಷಣಕಾರರು ತಮ್ಮ ದೇಶದಲ್ಲಿ ತರಗತಿಗೆ ಹೊರಟುಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ದೀಪ ಬೆಳಗೋಣ, ಎಲ್ಲರನ್ನೂ ಸ್ವಾಗತಿಸೋಣ, ಇಪ್ಪತ್ತು ನಿಮಿಷ ಸಾಕು.

ಸಂಶೋಧನೆಯ ಸಾರವನ್ನು ಭಿತ್ತಿಪತ್ರದಲ್ಲಿ ತೂಗುಹಾಕಿ ಅದರ ಮುಂದೆ ನಿಂತು ವಿವರಿಸುವ ಪೋಸ್ಟರ್ ಗೋಷ್ಠಿಯನ್ನು ಹೈಬ್ರಿಡ್ ಮಾಡುವ ಪ್ರಯತ್ನ ಫಲಿಸಿದ್ದನ್ನು ನಾನು ಕಂಡಿಲ್ಲ. ಗೋಳಿಬಜೆ ಹಿಡಿದು ಪೋಸ್ಟರಿನ ಮುಂದೆ ನಿಂತು ಆಡುವ ಮಾತು ಕ್ಯಾಮೆರಾದೊಳಗೆ ಹಿಡಿಸುವುದಿಲ್ಲ. ದೂರದವರ ಪೋಸ್ಟರುಗಳಿಗೆ ಪ್ರತ್ಯೇಕ ಆನ್‌ಲೈನ್ ಗೋಷ್ಠಿ ಇಟ್ಟು, ಆ ಹೊತ್ತಿನಲ್ಲಿ ಸಭಾಂಗಣದವರೂ ತಮ್ಮ ಲ್ಯಾಪ್‌ಟಾಪಿನಿಂದ ಸೇರುವಂತೆ ಮಾಡುವುದು ಪ್ರಾಮಾಣಿಕವಾದ ದಾರಿ.

ಈಗ ಕ್ಯಾಪ್ಶನ್ನಿಗೆ ಬರೋಣ. ಮಾತನಾಡುತ್ತಿದ್ದಂತೆ ಪರದೆಯ ಕೆಳಗೆ ಅಕ್ಷರಗಳು ಮೂಡುವ ಸೌಕರ್ಯ ಕಿವಿ ಕೇಳಿಸದವರಿಗೂ ಸಂಪರ್ಕ ದುರ್ಬಲವಾಗಿರುವವರಿಗೂ ಅತ್ಯಗತ್ಯ. ಆದರೆ ಈ ಸಮ್ಮೇಳನದಲ್ಲಿ ಅದಕ್ಕೆ ಇನ್ನೊಂದು ಮುಖವಿದೆ: ಚರ್ಚೆಯ ವಿಷಯವೇ ಚರ್ಚೆಯ ಕೆಳಗೆ ಓಡುತ್ತಿರುತ್ತದೆ. ಪೂರ್ವಾಭ್ಯಾಸದಲ್ಲಿ ಒಮ್ಮೆ ನಾನು 'ಅರ್ಥಧಾರಿ' ಎಂದೆ, ಪರದೆಯ ಮೇಲೆ 'ಅರ್ಧ ದಾರಿ' ಎಂದು ಬಂತು. 'ಸಂಧಿ' ಎಂದೆ, 'ಸಂದಿ' ಎಂದು ಬಂತು. ವ್ಯಾಕರಣದ ಕುರಿತ ಮಾತು ಓಣಿಯೊಳಗೆ ಹೊಕ್ಕಿತು. ಇದು ಕಿವಿಯ ದೋಷ ಮಾತ್ರವಲ್ಲ. ಕೇಳಿದ ಸದ್ದಿಗೆ ಹೊಂದುವ ಹಲವು ಪದಗಳಲ್ಲಿ ತಾನು ಹೆಚ್ಚು ಸಲ ಕಂಡ ಪದವನ್ನೇ ಯಂತ್ರ ಆರಿಸುತ್ತದೆ, ಮತ್ತು ಅದು ಕಂಡ ಕನ್ನಡದಲ್ಲಿ ತಾಳಮದ್ದಳೆಗಿಂತ ದಾರಿಯೇ ಹೆಚ್ಚು. ತಪ್ಪಿದ್ದು ಎಂಬ ಸುಳಿವೇ ಇಲ್ಲದಂತೆ ಸರಾಗವಾದ ಕನ್ನಡ ಪದವೊಂದು ಅಲ್ಲಿ ಕುಳಿತಿರುತ್ತದೆ. ಕ್ಯಾಪ್ಶನ್ ಸೇವೆಗಳಲ್ಲಿ ಕೆಲವು ಮುಂಚಿತವಾಗಿ ಪದಪಟ್ಟಿ ಕೊಡಲು ಅವಕಾಶ ಕೊಡುತ್ತವೆ. ಮಂಡಕರಿಂದ ಸ್ಲೈಡುಗಳನ್ನು ಹಿಂದಿನ ದಿನವೇ ತರಿಸಿ ಅವುಗಳಿಂದ ಪಾರಿಭಾಷಿಕ ಪದಗಳನ್ನೂ ಊರು ಮನುಷ್ಯರ ಹೆಸರುಗಳನ್ನೂ ಹೆಕ್ಕಿ ಕೊಡಬೇಕು. ಆಮೇಲೂ ಕನ್ನಡ ಬಲ್ಲ ಒಬ್ಬರು ತಿದ್ದಲು ಕುಳಿತಿರಬೇಕು. ಇದು ಯಂತ್ರದ ಬರಹ ಎಂಬ ಸಾಲು ಪರದೆಯ ಮೂಲೆಯಲ್ಲಿ ಸದಾ ಇರಬೇಕು. ತುಳುವಿನಲ್ಲಿ ಮಾತನಾಡುವಾಗ ಕನ್ನಡದ ಕ್ಯಾಪ್ಶನ್ನನ್ನು ಹಾಗೆಯೇ ಓಡಲು ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಯಂತ್ರ ಸುಮ್ಮನಿರದೆ ತುಳುವನ್ನು ಯಾವುದೋ ಕನ್ನಡವಾಗಿ ಕೇಳಿಸಿಕೊಳ್ಳುತ್ತದೆ. ಆಗ ಅದನ್ನು ನಿಲ್ಲಿಸಿ, ಎರಡೂ ಭಾಷೆ ಬಲ್ಲವರು ಸಾರಾಂಶವನ್ನು ಕೈಯಾರೆ ಟೈಪ್ ಮಾಡುವುದೇ ಸರಿ.

ದೂರದವರನ್ನು ಬರೀ ಶ್ರೋತೃಗಳಾಗಿ ಕೂರಿಸದೆ ಕೆಲಸಕ್ಕೆ ಹಚ್ಚುವ ಒಂದು ಗೋಷ್ಠಿ ಈ ಸಮ್ಮೇಳನದಲ್ಲಿ ಇರಲೇಬೇಕೆಂದು ನನ್ನ ಅಭಿಪ್ರಾಯ. ಹಲವು ಮಾದರಿಗಳು ಬರೆದ ವಾಕ್ಯಗಳನ್ನು, ಯಾವುದು ಯಾರದೆಂದು ಹೇಳದೆ, ಅವುಗಳಿಗೆ ಆಧಾರವಾದ ಅಂಕಿಗಳೊಂದಿಗೆ ಎಲ್ಲರ ಮುಂದಿಡುವುದು. ಪ್ರತಿ ವಾಕ್ಯಕ್ಕೆ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುವುದು. ಇದು ನೀವು ಆಡುವ ಭಾಷೆಯೇ? ಇದು ಅಂಕಿ ಹೇಳಿದ್ದನ್ನೇ ಹೇಳುತ್ತಿದೆಯೇ? ಎರಡನ್ನೂ ಸೇರಿಸಿ 'ಚೆನ್ನಾಗಿದೆಯೇ' ಎಂದು ಕೇಳಿದರೆ ಸರಾಗವಾದ ಸುಳ್ಳಿಗೆ ಪೂರ್ತಿ ಅಂಕ ಬೀಳುತ್ತದೆ. ಎಲ್ಲರೂ ಮುಗಿಸುವವರೆಗೆ ಫಲಿತಾಂಶವನ್ನು ಪರದೆಯ ಮೇಲೆ ತೋರಿಸಬಾರದು. ತೋರಿಸಿದರೆ ಮುಂದಿನವರು ಹಿಂದಿನವರನ್ನು ನೋಡಿ ಒತ್ತುತ್ತಾರೆ. ಉತ್ತರಿಸುವವರು ಯಾವ ಊರಿನವರೆಂಬುದನ್ನೂ ದಾಖಲಿಸಿಕೊಳ್ಳಬೇಕು, ಏಕೆಂದರೆ 'ಹೊರಗೆ ಮಳೆ ಉಂಟು' ಎಂಬ ವಾಕ್ಯಕ್ಕೆ ಮೈಸೂರಿನವರು ತಪ್ಪು ಗುರುತು ಹಾಕಿಯಾರು, ಪುತ್ತೂರಿನವರಿಗೆ ಅಲ್ಲಿ ಏನೂ ಕಾಣದು. ಇಬ್ಬರ ತೀರ್ಪು ಬೇರೆಯಾದಾಗ ಅದನ್ನು ಸರಾಸರಿ ಮಾಡಿ ಅಳಿಸಿಹಾಕದೆ, ಎಲ್ಲಿ ಮತ್ತು ಏಕೆ ಬೇರೆಯಾಯಿತು ಎಂದು ಮರುದಿನ ಚರ್ಚಿಸಿದರೆ ಒಂದು ಇಡೀ ಗೋಷ್ಠಿಗಾಗುವಷ್ಟು ವಿಷಯ ಸಿಗುತ್ತದೆ.

ಉಳಿದ ಕೆಲಸಗಳು ಎಲ್ಲ ಸಮ್ಮೇಳನಗಳಿಗೂ ಸಮಾನ. ಪ್ರಬಂಧಗಳಿಗೆ ಕರೆ ಕೊಡುವುದಕ್ಕೂ ಸಮ್ಮೇಳನಕ್ಕೂ ನಡುವೆ ಏಳೆಂಟು ತಿಂಗಳಾದರೂ ಇರಬೇಕು, ವಿಮರ್ಶಕರಿಗೂ ಲೇಖಕರಿಗೂ ಪರಸ್ಪರ ಹೆಸರು ತಿಳಿಯಬಾರದು. ವಿದೇಶದಿಂದ ಬರುವವರಿಗೆ ಸಮ್ಮೇಳನ ವೀಸಾ ಬೇಕಾಗುವುದರಿಂದ ಸರ್ಕಾರದ ಅನುಮತಿಗಳ ಓಡಾಟವನ್ನು ಬೇಗ ಆರಂಭಿಸಬೇಕು. ಪ್ರಬಂಧ ಬರೆಯಲು ಭಾಷಾ ಮಾದರಿಯ ನೆರವು ಪಡೆದವರು ಅದನ್ನು ತಿಳಿಸಬೇಕು ಎಂದು ಎಸಿಎಲ್ 2023ರ ಸಮ್ಮೇಳನದಲ್ಲಿಯೇ ಕೇಳಿತ್ತು. ನಾವೂ ಅದನ್ನೇ ಕೇಳಬೇಕು. ವಿಮರ್ಶಕರಿಗೆ ಇನ್ನೂ ಬಿಗಿಯಾಗಿ, ಗುಟ್ಟಾಗಿರಬೇಕಾದ ಪ್ರಬಂಧವನ್ನು ಸಾರ್ವಜನಿಕ ಚಾಟ್‌ಬಾಟಿಗೆ ಕೊಡಬಾರದೆಂದು ಹೇಳಬೇಕು. ಆನ್‌ಲೈನ್ ಶುಲ್ಕ ಕಡಿಮೆ ಇರಲಿ, ಆದರೆ ಮೌಲ್ಯಮಾಪನಕ್ಕೆ ಕೂರುವ ಭಾಷಿಕರಿಂದ ಶುಲ್ಕ ಪಡೆಯುವುದು ಸಲ್ಲ. ಅವರ ಸಮಯಕ್ಕೆ ಸಂಭಾವನೆ ಕೊಡುವುದು ನ್ಯಾಯ.

ಸಮ್ಮೇಳನ ಮುಗಿದ ಮೇಲೆ ಧ್ವನಿಮುದ್ರಣಗಳು ಉಳಿಯುತ್ತವೆ, ಅವುಗಳ ಜೊತೆ ಕ್ಯಾಪ್ಶನ್ ಕಡತಗಳೂ ಉಳಿಯುತ್ತವೆ. ತಿದ್ದಿದ ಕಡತವನ್ನು ಪ್ರಕಟಿಸಿ ಯಂತ್ರದ ಮೂಲ ಕಡತವನ್ನು ಅಳಿಸುವುದು ರೂಢಿ. ಇಲ್ಲಿ ಎರಡನ್ನೂ ಇಟ್ಟುಕೊಳ್ಳಬೇಕು. ಯಂತ್ರ ಕೇಳಿಸಿಕೊಂಡ 'ಅರ್ಧ ದಾರಿ' ಒಂದು ಕಾಲಂನಲ್ಲಿ, ಮನುಷ್ಯ ತಿದ್ದಿದ 'ಅರ್ಥಧಾರಿ' ಪಕ್ಕದ ಕಾಲಂನಲ್ಲಿ, ಅದರ ಮುಂದೆ ಆ ಮಾತಿನ ಧ್ವನಿತುಣುಕು: ಮೂರೂ ಒಟ್ಟಿಗಿದ್ದರೆ ಕರಾವಳಿಯ ಕನ್ನಡವನ್ನು ಕೇಳಲು ಯಂತ್ರಕ್ಕೆ ಕಲಿಸುವವರಿಗೆ ಅದು ಸಿದ್ಧ ಸಾಮಗ್ರಿ. ಅದನ್ನು ಹಂಚುವ ಮೊದಲು ಮಾತನಾಡಿದ ಪ್ರತಿಯೊಬ್ಬರ ಲಿಖಿತ ಒಪ್ಪಿಗೆ ಬೇಕು. ಆ ಒಪ್ಪಿಗೆಯ ಅರ್ಜಿಯನ್ನು ನೋಂದಣಿಯ ದಿನವೇ, ಕನ್ನಡದಲ್ಲಿ, ಬ್ಯಾಗು ಮತ್ತು ಊಟದ ಕೂಪನ್ನಿನ ಜೊತೆಗೇ ಕೈಗೆ ಕೊಟ್ಟು ಸಹಿ ಪಡೆದುಕೊಳ್ಳಬೇಕು. ಸಭೆ ಚದುರಿದ ಮೇಲೆ ಇಮೇಲ್ ಕಳುಹಿಸಿ ಕಾಯುತ್ತ ಕುಳಿತರೆ ಉತ್ತರ ಬರುವುದಿಲ್ಲ.